ಮರಳಿ ಬರುವವರಿಗೆ ತೆರೆದ ಬಾಗಿಲು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವರ್ಷದ ಉಪನ್ಯಾಸ ಮಾಲೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಧರ್ಮ, ಪರಂಪರೆಗಳಿಂದ ಒಂದು ಒಳ್ಳೆಯ ವಿಚಾರ ಹಂಚಿಕೊಳ್ಳಬೇಕೆಂದು ಗೊತ್ತುಮಾಡಿದ್ದೀರಿ. ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ಹಾಗಾಗಿ ನನ್ನ ಪಾಲಿಗೆ "ಕ್ರೈಸ್ತ ಧರ್ಮದಲ್ಲಿ ಕ್ಷಮೆ" ಎಂಬ ವಿಷಯ ಬಂದಿದೆ. ಇದು ಧರ್ಮಪ್ರಚಾರದ ಭಾಷಣವಲ್ಲ, ಆ ಬಗ್ಗೆ ಯಾರಿಗೂ ಚಿಂತೆ ಬೇಡ. ತಪ್ಪು ಮಾಡಿದ ಮೇಲೆ, ಸೋತ ಮೇಲೆ, ಮನುಷ್ಯರು ಮತ್ತೆ ಎದ್ದು ನಿಲ್ಲುವುದು ಹೇಗೆ ಎಂಬ ಪ್ರಶ್ನೆ ನಮ್ಮೆಲ್ಲರ ಮನೆಯದು. ಅದಕ್ಕೆ ನನ್ನ ನಂಬಿಕೆ ಏನು ಹೇಳುತ್ತದೆ ಎಂದು ತಿಳಿಸುತ್ತೇನೆ. ಅದರ ಜೊತೆಗೆ ನಮ್ಮ ಕನ್ನಡ ನೆಲದಲ್ಲಿ ಹುಟ್ಟಿ ಈ ಮಹಾರಾಷ್ಟ್ರದಲ್ಲಿ ಬಾಳಿದ ಒಬ್ಬ ಹೆಣ್ಣುಮಗಳ ಕಥೆಯನ್ನೂ ಹೇಳುತ್ತೇನೆ.

ನಮ್ಮಲ್ಲಿ ಒಂದು ಗಾದೆಯಿದೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು. ಗಾದೆ ಹೇಳುವುದು ಸುಲಭ. ಆದರೆ ನಿಜವಾಗಿ ಯಾರಾದರೂ ಎಡವಿದಾಗ ನಾವು ಏನು ಮಾಡುತ್ತೇವೆ? ಪರೀಕ್ಷೆಯಲ್ಲಿ ನಪಾಸಾದ ಹುಡುಗ ಹಬ್ಬದ ದಿನ ಸಂಘಕ್ಕೆ ಬರುವುದನ್ನು ಬಿಡುತ್ತಾನೆ. ಮದುವೆ ಮುರಿದು ತವರಿಗೆ ಬಂದ ಮಗಳು ಅರಿಶಿನ ಕುಂಕುಮಕ್ಕೆ ಕರೆದರೂ ಬರುವುದಿಲ್ಲ. ಕುಡಿತಕ್ಕೆ ಬಿದ್ದು ಎಂಐಡಿಸಿಯ ಕೆಲಸ ಕಳೆದುಕೊಂಡವನ ಹೆಂಡತಿ ಫೋನು ಎತ್ತುವುದಿಲ್ಲ. ಊರು ಬಿಟ್ಟು ಚಿಕಲಠಾಣಾದಂಥ ಜಾಗಕ್ಕೆ ಬಂದು ನೆಲೆಸಿದ ನಮಗೆ ಸಂಘವೇ ಬಂಧುಬಳಗ. ಆ ಬಳಗದ ಎದುರು ತಲೆ ಎತ್ತಲಾಗುತ್ತಿಲ್ಲ ಎಂದಾದರೆ ಅವರು ಇನ್ನೆಲ್ಲಿಗೆ ಹೋಗಬೇಕು?

ಈಗ ಆ ಹೆಣ್ಣುಮಗಳ ಕಥೆಗೆ ಬರುತ್ತೇನೆ. ಪಂಡಿತಾ ರಮಾಬಾಯಿ ಎಂಬ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಕಾಡು ಅದು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸುತ್ತಲಿನವರ ವಿರೋಧ ಕಟ್ಟಿಕೊಂಡು, ಅವರು ಕಾಡಿನಲ್ಲಿ ಮನೆ ಮಾಡಿದ್ದರು. ಆ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದಳು. ಮುಂದೆ ಇಡೀ ಕುಟುಂಬ ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ನಡೆದು ನಡೆದು 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಅಣ್ಣನೂ ತೀರಿಕೊಂಡ. ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸರನ್ನು ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ, 1882ರಲ್ಲಿ, ಗಂಡನೂ ಹೋದ. ಕೈಯಲ್ಲಿ ಮನೋರಮಾ ಎಂಬ ಕೂಸು. ಆಗ ರಮಾಬಾಯಿಗೆ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ.

1883ರಲ್ಲಿ ಅವರು ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು. ಆ ಮಠದವರು ಒಮ್ಮೆ ಅವರನ್ನು ಲಂಡನ್ನಿನ ಫುಲ್ಹಾಮ್‌ನಲ್ಲಿದ್ದ ತಮ್ಮ ಇನ್ನೊಂದು ಆಶ್ರಮಕ್ಕೆ ಕಳಿಸಿದರು. ಅಲ್ಲಿದ್ದವರು ಆ ಕಾಲದ ಮಾತಿನಲ್ಲಿ 'ಪತಿತೆಯರು', ಸಮಾಜ ಹೊರಗೆ ಹಾಕಿದ ಹೆಣ್ಣುಮಕ್ಕಳು. ಒಂದು ಕಾಲಕ್ಕೆ ಹಾಗೆ ಬಂದವರಲ್ಲಿ ಕೆಲವರು ಬದುಕನ್ನು ಪೂರ್ತಿ ಬದಲಿಸಿಕೊಂಡು ಬೇರೆಯವರ ಸೇವೆಗೆ ನಿಂತದ್ದನ್ನು ರಮಾಬಾಯಿ ಕಣ್ಣಾರೆ ಕಂಡರು. ಅವರಿಗೆ ಆಶ್ಚರ್ಯವಾಯಿತು. ಜಾರಿದ ಹೆಣ್ಣನ್ನು ದೂರ ಇಡಬೇಕು ಎಂಬುದನ್ನಷ್ಟೇ ಅವರು ಓದಿ ಕೇಳಿ ಬೆಳೆದಿದ್ದರು. ಈ ಜನ ಇವರನ್ನು ಯಾಕೆ ಹೀಗೆ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ ಎಂದು ವಿಚಾರಿಸಿದರು. ಅಲ್ಲಿಯ ಸೋದರಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಕಥೆಯನ್ನು ಓದಿ ಹೇಳಿದರು. ರಮಾಬಾಯಿಯವರು ತಾವೇ ಬರೆದ ಆತ್ಮಸಾಕ್ಷ್ಯದಲ್ಲಿ, ತಮ್ಮ ಮನಸ್ಸು ತಿರುಗಲು ಆ ಕಥೆ ಕಾರಣವೆಂದು ಹೇಳಿಕೊಂಡಿದ್ದಾರೆ. 1883ರ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನ ಪಡೆದರು.

ಆ ಕಥೆ ಏನು? ಮಟಮಟ ಮಧ್ಯಾಹ್ನ ಒಬ್ಬಳು ಹೆಂಗಸು ಬಾವಿಗೆ ನೀರಿಗೆ ಬರುತ್ತಾಳೆ. ನೀರು ಹೊರುವ ಕಷ್ಟ ಗೊತ್ತಿರುವ ನಮಗೆ ಇದು ಬೇಗ ತಿಳಿಯುತ್ತದೆ. ಮರಾಠವಾಡದ ಬಿಸಿಲಲ್ಲಿ ಹನ್ನೆರಡು ಗಂಟೆಗೆ ಯಾರಾದರೂ ಕೊಡ ಹಿಡಿದು ಹೊರಡುತ್ತಾರೆಯೇ? ಬೆಳಿಗ್ಗೆ ನಾಲ್ಕು ಜನ ಸೇರುವ ಹೊತ್ತಿಗೆ ಹೋದರೆ ನಾಲ್ಕು ಮಾತು ಕೇಳಬೇಕಾಗುತ್ತದೆ ಎಂದೇ ಅವಳು ಆ ಹೊತ್ತಿಗೆ ಬಂದಿರಬೇಕು ಎಂದು ಅನೇಕರು ಅರ್ಥ ಮಾಡುತ್ತಾರೆ. ಅವಳಿಗೆ ಐದು ಮದುವೆಗಳಾಗಿದ್ದವು, ಆಗ ಜೊತೆಗಿದ್ದವನು ಗಂಡನಲ್ಲ. ಅವಳು ಸಮಾರ್ಯದವಳು. ಯೆಹೂದ್ಯರು ಆ ಜನರೊಂದಿಗೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಬಾವಿಯ ಬಳಿ ಕೂತಿದ್ದ ಯೇಸು ಅವಳನ್ನು ಕುಡಿಯಲು ನೀರು ಕೇಳುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ಬುದ್ಧಿ ಹೇಳಿ ಆಮೇಲೆ ನೀರು ಕೇಳಲಿಲ್ಲ. ಮೊದಲು ಅವಳ ಕೈಯ ನೀರು ಕೇಳಿದ, ಆಮೇಲೆ ಅವಳ ಬದುಕಿನ ಮಾತು ಬಂತು. ಆ ಮಾತನ್ನು ಮುಚ್ಚಿಡಲೂ ಇಲ್ಲ. ಯಾರ ಕಣ್ಣು ತಪ್ಪಿಸಿ ಬಂದಿದ್ದಳೋ ಅದೇ ಊರಿನವರ ಬಳಿಗೆ, ಕೊಡವನ್ನೂ ಬಿಟ್ಟು, ಅವಳೇ ಓಡಿಹೋಗಿ ಸುದ್ದಿ ಹೇಳಿದಳು. ಊರಿನವರು ಅವಳ ಮಾತು ನಂಬಿ ಬಂದರು. ಕ್ಷಮೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನು ತೋರಿಸುತ್ತೇನೆ. ತಪ್ಪಿನ ಭಾರ ಇಳಿದದ್ದಷ್ಟೇ ಅಲ್ಲ, ಊರಿನಲ್ಲಿ ಅವಳ ಮಾತಿಗೆ ಬೆಲೆ ಬಂತು.

ನಮ್ಮ ಕನ್ನಡದ ನೆನಪಿನಲ್ಲೂ ಇಂಥದು ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣೆಯರಲ್ಲಿ ಸೂಳೆ ಸಂಕವ್ವೆ ಎಂಬವಳಿದ್ದಳು. 'ನಿರ್ಲಜ್ಜೇಶ್ವರ' ಎಂಬ ಅಂಕಿತದಲ್ಲಿ ಅವಳ ವಚನ ನಮಗೆ ಉಳಿದುಬಂದಿದೆ. ಹಿಂದಿನ ಕಸುಬಿನ ಹೆಸರು ಜೊತೆಗಿದ್ದರೂ ಶರಣರ ಸಾಲಿನಲ್ಲಿ ಅವಳಿಗೆ ಜಾಗವಿತ್ತು. ಧರ್ಮ ಯಾವುದಾದರೂ ಇರಲಿ, ಕರುಣೆ ಇದ್ದ ಕಡೆ ಇಂಥ ಜಾಗ ಇರುತ್ತದೆ.

ಇನ್ನು ಸೋಲಿನ ವಿಷಯ. ಕ್ರೈಸ್ತರಲ್ಲಿ ಪೇತ್ರನ ಹೆಸರು ದೊಡ್ಡದು. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಮುಂದಾಳು. ಯಾರು ಬಿಟ್ಟರೂ ನಾನು ಬಿಡುವುದಿಲ್ಲ ಎಂದು ಎಲ್ಲರ ಎದುರು ಹೇಳಿದವನು. ಅದೇ ರಾತ್ರಿ ಯೇಸುವನ್ನು ಹಿಡಿದುಕೊಂಡು ಹೋದರು. ಮಹಾಯಾಜಕನ ಅಂಗಳದಲ್ಲಿ ಚಳಿಗೆ ಕೆಂಡದ ಬೆಂಕಿ ಹಾಕಿದ್ದರು. ಪೇತ್ರ ಅಲ್ಲಿ ಮೈ ಕಾಯಿಸುತ್ತ ನಿಂತಿದ್ದ. ಒಬ್ಬಳು ಕೆಲಸದ ಹುಡುಗಿ, ನೀನೂ ಅವನ ಕಡೆಯವನಲ್ಲವೇ ಎಂದಳು. ಅವನು ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟ. ಹೀಗೆ ಮೂರು ಸಲ. ಕೋಳಿ ಕೂಗಿತು. ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಅದೇ ರಾತ್ರಿ ಇನ್ನೊಬ್ಬ ಶಿಷ್ಯನೂ ಸೋತ. ಅವನು ಯೂದ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟವನು. ಅವನಿಗೂ ಪಶ್ಚಾತ್ತಾಪವಾಯಿತು ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಅವನು ಹಣ ಹಿಡಿದುಕೊಂಡು ಯಾಜಕರ ಬಳಿಗೆ ಹೋದ, ತಾನು ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಅವರು, ಅದು ನಿನ್ನ ಪಾಡು, ನಮಗೇನು ಎಂಬಂತೆ ಮಾತಾಡಿ ಕಳಿಸಿದರು. ಅವನು ಹೋಗಿ ನೇಣು ಹಾಕಿಕೊಂಡ.

ಇಬ್ಬರೂ ಬಿದ್ದರು. ಇಬ್ಬರೂ ಮರುಗಿದರು. ಒಬ್ಬನಿಗೆ ಮುಂದೆ ದಾರಿಯಾಯಿತು, ಒಬ್ಬನಿಗೆ ಆಗಲಿಲ್ಲ. ಪೇತ್ರ ಅತ್ತ ಮೇಲೂ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದ, ಅವರೂ ಅವನನ್ನು ಹೊರಗೆ ಹಾಕಲಿಲ್ಲ. ಯೂದ ಬಾಯಿಬಿಟ್ಟು ತಪ್ಪೊಪ್ಪಿಕೊಂಡ ಕಡೆ ಬಾಗಿಲು ಮುಚ್ಚಿತ್ತು. ತಪ್ಪು ಹೇಳಿಕೊಳ್ಳಲು ಬಂದವರಿಗೆ "ನಮಗೇನು" ಎನ್ನುವ ಒಂದು ಮಾತು ಎಷ್ಟು ದೂರ ಹೋಗುತ್ತದೆ, ನೋಡಿ. ನಮ್ಮ ಮಕ್ಕಳು ಮಾರ್ಕ್ಸ್ ಕಾರ್ಡ್ ಹಿಡಿದು ಬಂದಾಗ, ಸಾಲದ ವಿಷಯ ಹೇಳಲು ಬಂದಾಗ, ಈ ಮಾತು ನೆನಪಿರಲಿ.

ಪೇತ್ರನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಯೇಸು ಪುನರುತ್ಥಾನವಾದ ಮೇಲೆ ಒಂದು ಬೆಳಗ್ಗೆ ಸರೋವರದ ದಡದಲ್ಲಿ ಶಿಷ್ಯರಿಗಾಗಿ ಮೀನು, ರೊಟ್ಟಿ ಸಿದ್ಧಮಾಡಿಕೊಂಡು ಕಾಯುತ್ತಾನೆ. ಅಲ್ಲಿಯೂ ಕೆಂಡದ ಬೆಂಕಿ. ಯೋಹಾನನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಆ ಅಂಗಳದ ಬೆಂಕಿಗೂ ಈ ದಡದ ಬೆಂಕಿಗೂ ಒಂದೇ ಪದವಿದೆ. ಊಟ ಹಾಕಿದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಮೂರು ಸಲ ಕೇಳುತ್ತಾನೆ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಹೇಳುವ ಅವಕಾಶ. ಮೂರನೆಯ ಸಲ ಪೇತ್ರನಿಗೆ ನೋವಾಗುತ್ತದೆ. ಗಾಯ ತೊಳೆಯುವಾಗ ಉರಿಯುತ್ತದಲ್ಲ, ಹಾಗೆ. ಪ್ರತಿ ಸಲವೂ, ನನ್ನ ಕುರಿಗಳನ್ನು ನೋಡಿಕೋ ಎಂದು ಹೊಣೆ ಕೊಡುತ್ತಾನೆ. ಮನ್ನಿಸಿದ್ದೇನೆ, ಆದರೆ ಇನ್ನು ಮೂಲೆಯಲ್ಲಿ ಕೂತಿರು ಎನ್ನಲಿಲ್ಲ. ಕೆಲಸ ಕೊಟ್ಟ. ಕ್ರೈಸ್ತರು ಪುನಃಸ್ಥಾಪನೆ ಎನ್ನುವುದು ಇದನ್ನು. ಊಟ ಹಾಕುವುದು, ಮಾತಾಡುವುದು, ಹೊಣೆ ಕೊಡುವುದು.

ಹಾಗಾದರೆ ತಪ್ಪಿಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಎಂಬ ಸುಂಕದವನ ಕಥೆ ಬರುತ್ತದೆ. ಜನರಿಂದ ಹೆಚ್ಚು ವಸೂಲಿ ಮಾಡಿ ಶ್ರೀಮಂತನಾದವನು. ಯೇಸು ಅವನ ಮನೆಗೆ ಅತಿಥಿಯಾಗಿ ಹೋದ. ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಂದ ಅನ್ಯಾಯವಾಗಿ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ಕಣ್ಣೀರಿನ ಜೊತೆಗೆ ಲೆಕ್ಕವೂ ಸರಿಹೋಗಬೇಕು. ಕಥೊಲಿಕ ಸಭೆಯಲ್ಲಿ ಪಾಪನಿವೇದನೆಯ ಸಂಸ್ಕಾರ ಇದೇ ಕ್ರಮದಲ್ಲಿದೆ. ಮೊದಲು ಮನಸ್ಸಿನ ಪಶ್ಚಾತ್ತಾಪ, ಆಮೇಲೆ ಗುರುಗಳ ಎದುರು ಬಾಯಿಬಿಟ್ಟು ನಿವೇದನೆ, ಕೊನೆಗೆ ಪ್ರಾಯಶ್ಚಿತ್ತ. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಕರ್ತನ ಭೋಜನಕ್ಕೆ ಮೊದಲು ಎಲ್ಲರೂ ಒಟ್ಟಾಗಿ ದೇವರ ಎದುರು ಅರಿಕೆ ಮಾಡಿಕೊಳ್ಳುತ್ತಾರೆ. ಕ್ರಮ ಬೇರೆಯಾದರೂ ಹೇಳುವುದು ಒಂದೇ. ತಪ್ಪನ್ನು ತಪ್ಪೆಂದು ಹೇಳು, ಸರಿಪಡಿಸಲು ಆಗುವುದನ್ನು ಸರಿಪಡಿಸು, ಉಳಿದದ್ದನ್ನು ದೇವರ ಕೃಪೆಗೆ ಬಿಡು.

ಮತ್ತೆ ರಮಾಬಾಯಿಯವರ ಬಳಿಗೆ ಬರೋಣ. 1889ರಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮತಾಂತರದ ಆರೋಪ ಎದ್ದು, 1893ರಲ್ಲಿ ಅನೇಕ ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ರಾನಡೆ, ಭಂಡಾರಕರರಂಥ ಹಿರಿಯರೂ ಸಲಹಾ ಮಂಡಳಿಯಿಂದ ಹೊರಬಂದರು. ಆ ವಾದದ ಎರಡೂ ಕಡೆಯವರಿಗೆ ತಮ್ಮ ತಮ್ಮ ಕಾರಣಗಳಿದ್ದವು. ರಮಾಬಾಯಿ ಮಾತ್ರ ಕೆಲಸ ನಿಲ್ಲಿಸಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. ಹಸಿವಿನಲ್ಲಿ ನಡೆದು ನಡೆದು ಬೆಳೆದವರಿಗೆ ಹಸಿವಿನ ಮುಖ ಗುರುತು ಸಿಗುತ್ತದೆ. ಪುಣೆಯಿಂದ ದೌಂಡ್ ಕಡೆಗೆ ಹೋಗುವ ರೈಲು ದಾರಿಯಲ್ಲಿ ಕೇಡಗಾಂವ್ ಎಂಬ ಊರಿದೆ. ಸೊಲ್ಲಾಪುರ, ಕಲಬುರಗಿ ಕಡೆಗೆ ರೈಲಿನಲ್ಲಿ ಹೋಗುವಾಗ ನಮ್ಮಲ್ಲಿ ಬಹಳ ಜನ ಅದನ್ನು ದಾಟಿ ಹೋಗಿದ್ದೇವೆ. ಅಲ್ಲಿ ಮುಕ್ತಿ ಸದನ ಬೆಳೆಯಿತು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತ್ತು.

ಅದೇ ಆವರಣದಲ್ಲಿ ಅವರು ಕೃಪಾ ಸದನ ಎಂಬ ಇನ್ನೊಂದು ಮನೆ ಕಟ್ಟಿದರು. ಅದು ಯಾರಿಗಾಗಿ ಗೊತ್ತೇ? ಫುಲ್ಹಾಮ್‌ನಲ್ಲಿ ಕಂಡಂಥ, ಜಾರಿದವರೆಂದು ಮನೆ ಬಾಗಿಲು ಮುಚ್ಚಿಸಿಕೊಂಡ ಹೆಣ್ಣುಮಕ್ಕಳಿಗಾಗಿ. 1883ರಲ್ಲಿ ಕಂಡದ್ದನ್ನು ಮರೆಯದೆ, ಹದಿನೈದು ವರ್ಷ ಕಳೆದ ಮೇಲೂ ಅದಕ್ಕೊಂದು ಸೂರು ಕಟ್ಟಿದರು. ಮುಕ್ತಿಯಲ್ಲಿ ಬರಿಯ ಪ್ರಾರ್ಥನೆಯಿಂದ ದಿನ ಕಳೆಯುತ್ತಿರಲಿಲ್ಲ. ಓದುಬರಹ, ನೇಯ್ಗೆ, ಹೊಲದ ಕೆಲಸ, ಹೈನು, ಅಡಿಗೆ, ಮುದ್ರಣ ಎಲ್ಲ ಇತ್ತು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಅದನ್ನು ಮುಕ್ತಿಯ ಮುದ್ರಣಾಲಯದಲ್ಲಿ ಅಲ್ಲಿಯ ಹೆಂಗಸರೇ ಅಚ್ಚು ಹಾಕಿದರು. ಯಾರನ್ನು ಕೈಲಾಗದವರೆಂದು ಬಿಟ್ಟಿದ್ದರೋ ಅವರ ಕೈಯಲ್ಲೇ ಮೊಳೆ ಜೋಡಣೆಯಾಯಿತು.

ನಮ್ಮ ಕಡೆಗೂ ಅವರ ಕೆಲಸ ಬಂದಿತ್ತು. 1912ರ ಹೊತ್ತಿಗೆ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಶಾಲೆ ತೆರೆದು ಮಗಳು ಮನೋರಮಾ ಅದರ ಹೊಣೆ ಹೊತ್ತರು. ಆಗ ಕಲಬುರಗಿಯೂ ನಮ್ಮ ಈ ಊರೂ ನಿಜಾಮರ ಒಂದೇ ರಾಜ್ಯದಲ್ಲಿದ್ದವು. 1921ರಲ್ಲಿ ಮನೋರಮಾ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ಹೋದರು. ಗಂಡ, ಅಣ್ಣ, ತಂದೆತಾಯಿ, ಕೊನೆಗೆ ಮಗಳು, ಎಲ್ಲರನ್ನೂ ಕಳೆದುಕೊಂಡ ಹೆಂಗಸು ಸಾವಿರಾರು ಜನರಿಗೆ ತಾಯಿಯಾದಳು.

ರಮಾಬಾಯಿಯವರ ಒಂದು ಮಾತು ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ಅದರ ಭಾವ ಹೀಗಿದೆ. ದೀಕ್ಷಾಸ್ನಾನವಾಗಿ ಎಂಟು ವರ್ಷದ ತನಕ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಅವರು ಬರೆದುಕೊಂಡರು. ಅಷ್ಟು ಹೆಸರು ಮಾಡಿದವರು, ದೇಶವಿದೇಶಗಳಲ್ಲಿ ಭಾಷಣ ಮಾಡಿದವರು, ನನ್ನೊಳಗೆ ಇನ್ನೂ ಖಾಲಿಯಿದೆ ಎಂದು ಹೇಳಿಕೊಳ್ಳಲು ಹೆದರಲಿಲ್ಲ. ಕೃಪೆ ಬೇಕಾಗಿರುವುದು ಕೃಪಾ ಸದನದವರಿಗೆ ಮಾತ್ರ, ತನಗಲ್ಲ ಎಂದು ಅವರು ಭಾವಿಸಲಿಲ್ಲ. ಎತ್ತರದಲ್ಲಿ ನಿಂತು ಕೆಳಗಿನವರನ್ನು ಕ್ಷಮಿಸುವುದು ಬೇರೆ, ಪಕ್ಕದಲ್ಲಿ ಕೂತು ಕೈ ಹಿಡಿಯುವುದು ಬೇರೆ.

ನಾಶಿಕದ ಕಡೆಯ ಒಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ. ತ್ರ್ಯಂಬಕೇಶ್ವರದ ಸಮೀಪದ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ' ಮರಾಠಿಯ ಪ್ರಸಿದ್ಧ ಆತ್ಮಕಥೆ. ಅವರ ಗಂಡ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದರು. ಆ ಸುದ್ದಿ ಹೆಂಡತಿಗೆ ಸಿಡಿಲಿನಂತೆ ಬಡಿಯಿತು. ಕೆಲವು ವರ್ಷ ಇಬ್ಬರೂ ದೂರವಾದರು. ಆಮೇಲೆ ಲಕ್ಷ್ಮೀಬಾಯಿ ಗಂಡನ ಬಳಿಗೆ ಬಂದರೂ ತಮ್ಮ ಮಡಿ, ತಮ್ಮ ಅಡಿಗೆ ಬೇರೆಯೇ ಇಟ್ಟುಕೊಂಡರು. 1900ರಲ್ಲಿ ತಮ್ಮ ಮನಸ್ಸಿನಂತೆ ತಾವೇ ದೀಕ್ಷಾಸ್ನಾನ ಪಡೆದರು. ಗಂಡನ ಮುಂಗೋಪವನ್ನು ಅವರು ಪುಸ್ತಕದಲ್ಲಿ ಮುಚ್ಚಿಟ್ಟಿಲ್ಲ, ಹಾಗೆಂದು ಕಹಿಯನ್ನೂ ಕಾರಿಲ್ಲ. ನಗುನಗುತ್ತ ಎಲ್ಲವನ್ನೂ ಹೇಳಿದ್ದಾರೆ. ಮುರಿದದ್ದು ಕೂಡಲು ವರ್ಷಗಳೇ ಬೇಕಾಗುತ್ತವೆ, ಒಂದೇ ಸೂರಿನಡಿ ಎರಡು ಒಲೆ ಉರಿಯುವ ಕಾಲವನ್ನೂ ಸಹಿಸಬೇಕಾಗುತ್ತದೆ ಎಂಬುದನ್ನು ಆ ಸಂಸಾರದಿಂದ ಕಲಿಯಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಕ್ಷಮಿಸು, ಹೊಂದಿಕೊಂಡು ಹೋಗು ಎಂಬ ಉಪದೇಶ ಯಾವಾಗಲೂ ಹೆಣ್ಣಿನ ತಲೆಗೇ ಬೀಳುತ್ತದೆ. ಹೊಡೆಯುವ ಗಂಡನ ಮನೆಗೆ ಮಗಳನ್ನು ಮತ್ತೆ ಕಳಿಸುವುದಕ್ಕೆ ಕ್ಷಮೆ ಎಂಬ ಹೆಸರು ಕೊಡಬೇಡಿ. ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ, ಮುಚ್ಚಿಹಾಕುವುದು ಮತ್ತು ಹೊಟ್ಟೆಗೆ ಹಾಕಿಕೊಳ್ಳುವುದು. ಮುಚ್ಚಿಹಾಕಿದರೆ ತಪ್ಪು ಒಳಗೇ ಕೊಳೆಯುತ್ತದೆ. ಹೊಟ್ಟೆಗೆ ಹಾಕಿಕೊಳ್ಳುವವರು ತಪ್ಪನ್ನು ತಪ್ಪೆಂದು ತಿಳಿದೇ ಹಾಕಿಕೊಳ್ಳುತ್ತಾರೆ. ಎದುರಿನವನು ತಪ್ಪೊಪ್ಪದೆ, ತಿದ್ದಿಕೊಳ್ಳದೆ ಇದ್ದರೆ ನಮ್ಮ ಮನಸ್ಸಿನ ದ್ವೇಷವನ್ನು ನಾವು ಬಿಡಬಹುದು. ಆದರೆ ಸುರಕ್ಷಿತವಾದ ದೂರವನ್ನು ಬಿಡಬೇಕಾಗಿಲ್ಲ. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಅದನ್ನು ಬಳಸುವುದು ಕ್ಷಮೆಗೆ ವಿರುದ್ಧವಲ್ಲ.

ಹಾಗೆಯೇ, ಸೋಲಿನ ಭಾರ ತಡೆಯಲಾರದೆ ಜೀವವೇ ಬೇಡವೆನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ, ಅದನ್ನು ನಾಟಕ ಎಂದು ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿದರೆ ಕನ್ನಡ, ಮರಾಠಿಯಂಥ ಭಾಷೆಗಳಲ್ಲೂ ಮಾತಾಡಬಹುದು. ಈ ಎರಡು ನಂಬರುಗಳನ್ನು ದಯವಿಟ್ಟು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಕೊನೆಯದಾಗಿ, ನಮ್ಮ ವೇದಿಕೆ ಏನು ಮಾಡಬಹುದು? ಮೂರು ಸಣ್ಣ ಸೂಚನೆಗಳು. ಮೊದಲನೆಯದು, ನಮ್ಮ ಸಭೆಗೆ ಬರುವುದನ್ನು ಬಿಟ್ಟವರು ಯಾರು ಎಂದು ಪಟ್ಟಿ ಮಾಡಿ, ಒಬ್ಬೊಬ್ಬರು ಒಂದೊಂದು ಮನೆಗೆ ಹೋಗಿ ಬರೋಣ. ಹೋದಾಗ ಹಳೆಯದನ್ನು ಕೆದಕುವುದು ಬೇಡ, ಬುದ್ಧಿಮಾತೂ ಬೇಡ. ಬಾವಿಯ ಬಳಿ ಯೇಸು ಕೇಳಿದ ಹಾಗೆ ಒಂದು ಲೋಟ ನೀರು ಕೇಳಿ ಕುಡಿದು ಬರೋಣ, ಸಾಕು. ಎರಡನೆಯದು, ನಂಬಿ ಹೇಳಿದ ಮಾತು ವಾಟ್ಸಾಪ್ ಗುಂಪಿಗೆ ಬರಬಾರದು. ಒಬ್ಬರ ಗುಟ್ಟು ಹೊರಬಿದ್ದರೆ ಆಮೇಲೆ ಹತ್ತು ಜನ ಬಾಯಿ ತೆರೆಯುವುದಿಲ್ಲ. ಮೂರನೆಯದು, ಮರಳಿ ಬಂದವರಿಗೆ ಒಂದು ಕೆಲಸ ಕೊಡೋಣ. ರಾಜ್ಯೋತ್ಸವದ ಅಡಿಗೆಯ ಉಸ್ತುವಾರಿಯೋ, ಮಕ್ಕಳ ಕನ್ನಡ ತರಗತಿಯೋ, ಲೆಕ್ಕಪತ್ರವೋ. ಕರುಣೆಯಿಂದ ಕುರ್ಚಿ ಕೊಟ್ಟರೆ ಅವರು ಅತಿಥಿಗಳಾಗಿ ಉಳಿಯುತ್ತಾರೆ. ಕೆಲಸ ಕೊಟ್ಟರೆ ನಮ್ಮವರಾಗುತ್ತಾರೆ.

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ನಮಗೆ ಕ್ಷಮೆ ಬೇಡುವುದೂ ನಾವು ಇತರರನ್ನು ಕ್ಷಮಿಸುವುದೂ ಒಂದೇ ಗಂಟಿನಲ್ಲಿ ಕಟ್ಟಿವೆ. ಒಂದನ್ನು ಬಿಚ್ಚಿ ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಜೊತೆ ಒಬ್ಬರನ್ನು ಕರೆದುಕೊಂಡು ಬನ್ನಿ. ನಾನೂ ಒಬ್ಬರನ್ನು ಕರೆತರುತ್ತೇನೆ.